ದಾರಿಯ ಜಗಳದಲ್ಲಿ ಪ್ರವಾಸಿಗರ ಕಾರಿಗೆ ಬೀಗ: ಪ್ರತೀಕಾರ ಎಲ್ಲಿಯವರೆಗೆ ಸರಿ?

ಪ್ರಶ್ನೆ: ಕಾಳಿ ತೀರದವ

ಕಾರವಾರದವನಾದ ನಾನು ಗೋವಾದ ಕಾಣಕೋಣ ತಾಲ್ಲೂಕಿನ ಅಗೊಂಡದಲ್ಲಿ, ಮಡಗಾಂವ್‌ನಲ್ಲಿ ನೆಲೆಸಿರುವ ಭಾಟ್‌ಕಾರರೊಬ್ಬರ (ಜಮೀನಿನ ಒಡೆಯರೊಬ್ಬರ) ಹಳೆಯ ಮನೆಯನ್ನು ಲೀಸಿಗೆ ಪಡೆದು ಸಣ್ಣ ಅತಿಥಿಗೃಹ ನಡೆಸುತ್ತಿದ್ದೇನೆ. ಗೋವಾದ 1982ರ ಪ್ರವಾಸಿ ವ್ಯವಹಾರ ನೋಂದಣಿ ಕಾಯ್ದೆಯಡಿ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆ, ಪಂಚಾಯತಿಯ ಪರವಾನಗಿಯೂ ಇದೆ. ವ್ಯವಹಾರದ ಬಗ್ಗೆ ಯಾರ ತಕರಾರೂ ಇಲ್ಲ. ತಕರಾರಿರುವುದು ದಾರಿಯ ಬಗ್ಗೆ. ಮುಖ್ಯ ರಸ್ತೆಯಿಂದ ನಮ್ಮ ಮನೆಗೆ ಬರುವ ಕೆಮ್ಮಣ್ಣಿನ ದಾರಿಯು ಪಕ್ಕದವರ ತೆಂಗಿನ ಭಾಟಿನ (ತೋಟದ) ಅಂಚಿನಲ್ಲಿ ಹಾದುಬರುತ್ತದೆ. ಹಿಂದಿನಿಂದಲೂ ಜನ ಇದರಲ್ಲೇ ಓಡಾಡಿದ್ದಾರೆ ಎಂದು ನಮ್ಮ ಭಾಟ್‌ಕಾರರು ಹೇಳುತ್ತಾರೆ. ಓಡಾಡಿದ್ದು ಕಾಲ್ನಡಿಗೆಯವರು ಮತ್ತು ಎತ್ತಿನ ಗಾಡಿ ಮಾತ್ರ, ಅದೂ ತಮ್ಮ ತಂದೆಯ ಒಪ್ಪಿಗೆಯಿಂದ ಎಂದು ಪಕ್ಕದವರು ಹೇಳುತ್ತಾರೆ.

ಅವರ ಸಿಟ್ಟಿಗೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಡಿಸೆಂಬರ್ ಬಂದರೆ ಸಾಕು, ನಮ್ಮ ಅತಿಥಿಗಳಲ್ಲದವರೂ ಕಡಲಿಗೆ ಹತ್ತಿರವೆಂದು ಅವರ ಭಾಟಿನೊಳಗೆ ಕಾರು ನಿಲ್ಲಿಸಿ ಹೋಗುತ್ತಾರೆ, ಬಾಟಲಿಗಳನ್ನು ಅಲ್ಲೇ ಬಿಡುತ್ತಾರೆ. ಒಮ್ಮೆ ಕಾಯಿ ಬಿದ್ದು ಕಾರಿನ ಗಾಜು ಒಡೆದಾಗ, ಹೇಳದೆ ಕೇಳದೆ ಒಳಗೆ ನಿಲ್ಲಿಸಿದ್ದವರೇ ತೋಟದವರಿಂದ ಪರಿಹಾರ ಕೇಳಿದರು. ಆಮೇಲೆ ಫಲಕ ಬಂತು, ದಾರಿಯ ಬಾಯಿಗೆ ಚಿರೇಕಲ್ಲು ಬಂತು, ಚಕ್ರಗಳ ಗಾಳಿ ಹೋಗತೊಡಗಿತು. ಕಳೆದ ವಾರ ಹುಬ್ಬಳ್ಳಿಯ ಕುಟುಂಬವೊಂದರ ಕಾರು ನಮ್ಮ ಅಂಗಳದಲ್ಲಿದ್ದಾಗ ದಾರಿಗೆ ಸರಪಳಿ ಕಟ್ಟಿ ಬೀಗ ಹಾಕಿದರು ಮತ್ತು ಹತ್ತು ಸಾವಿರ ರೂಪಾಯಿ ಕೊಡದ ಹೊರತು ತೆಗೆಯುವುದಿಲ್ಲವೆಂದರು. ಜೊತೆಯಲ್ಲಿ ವಯಸ್ಸಾದವರಿದ್ದುದರಿಂದ ಆ ಕುಟುಂಬದವರು ಮೊಬೈಲಿನಲ್ಲೇ ಹಣ ಕಳುಹಿಸಿ ಹೊರಟುಹೋದರು. ಬೀಗ ಈಗಲೂ ಇದೆ.

ಈಗ ನಮ್ಮ ಕೆಲಸದ ಹುಡುಗರು ಮತ್ತು ಅಕ್ಕಪಕ್ಕದ ಶ್ಯಾಕ್‌ಗಳವರು (ಕಡಲತೀರದ ತಾತ್ಕಾಲಿಕ ಹೋಟೆಲಿನವರು), ರಾತ್ರಿ ಜೆಸಿಬಿ ತಂದು ಸರಪಳಿಯ ಕಂಬವನ್ನೂ ಅವರ ಪಾಗಾರದ (ಆವರಣದ ಗೋಡೆಯ) ಒಂದು ಭಾಗವನ್ನೂ ಉರುಳಿಸೋಣ ಎನ್ನುತ್ತಿದ್ದಾರೆ. ಇನ್ನೊಬ್ಬರು ಆತನ ಫೋಟೊ ಮತ್ತು ಫೋನ್ ನಂಬರನ್ನು ಎಲ್ಲೆಡೆ ಹಾಕಿ, ಆತನ ಮಗಳು ನಡೆಸುವ ತಿಂಡಿ ಅಂಗಡಿಗೆ ಕೆಟ್ಟ ಅಭಿಪ್ರಾಯ ಬರೆಸೋಣ ಎನ್ನುತ್ತಾರೆ. ಸುಮ್ಮನಿದ್ದರೆ ಸೀಸನ್ ಕೈಬಿಡುತ್ತದೆ. ಏನು ಮಾಡಬಹುದು, ಏನು ಮಾಡಬಾರದು?

ಉತ್ತರ: ಮಡಗಾಂವ್ ವಕೀಲ

ನಿಮ್ಮ ಬರಹದಲ್ಲಿ ಎರಡು ಬೇರೆ ಪ್ರಕರಣಗಳು ಸೇರಿಕೊಂಡಿವೆ. ಒಂದು ದಾರಿಗೆ ಬೀಗ ಹಾಕಿದ್ದು, ಇನ್ನೊಂದು ಬೀಗ ತೆಗೆಯಲು ಹಣ ಪಡೆದದ್ದು. ಮೊದಲನೆಯದರಲ್ಲಿ ನಿಮ್ಮ ಪಕ್ಕದವರು ನೀವು ಭಾವಿಸಿದಷ್ಟು ದುರ್ಬಲರಲ್ಲ. ಅಕ್ರಮವಾಗಿ ತಡೆಯುವುದನ್ನು ಅಪರಾಧವೆನ್ನುವ ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿಗೆ, ಖಾಸಗಿ ದಾರಿಯೊಂದನ್ನು ತಡೆಯುವ ಹಕ್ಕು ತನಗಿದೆಯೆಂದು ಸದ್ಭಾವನೆಯಿಂದ ನಂಬಿ ತಡೆದವನು ಅಪರಾಧಿಯಲ್ಲ ಎಂಬ ವಿನಾಯಿತಿ ಇದೆ. ಪೊಲೀಸರು ಇಂಥ ದೂರುಗಳನ್ನು ಸಿವಿಲ್ ವ್ಯಾಜ್ಯವೆಂದು ತಳ್ಳಿಹಾಕುವುದು ಸೋಮಾರಿತನದಿಂದ ಮಾತ್ರವಲ್ಲ.

ಆದರೆ ಹಣದ ಮಾತು ಬಂದ ಕೂಡಲೇ ಆ ವಿನಾಯಿತಿಯ ನೆರಳು ಆತನ ಮೇಲಿಂದ ಸರಿಯುತ್ತದೆ. 1871ರ ದನಗಳ ಅತಿಕ್ರಮ ಪ್ರವೇಶ ಕಾಯ್ದೆ ಕೂಡ ಬೆಳೆ ಮೇಯ್ದ ದನವನ್ನು ಹಿಡಿದು 24 ಗಂಟೆಯೊಳಗೆ ದೊಡ್ಡಿಗೆ ಕಳುಹಿಸಲು ರೈತನಿಗೆ ಅವಕಾಶ ಕೊಟ್ಟಿತೇ ಹೊರತು, ಕೊಟ್ಟಿಗೆಯಲ್ಲಿ ಕಟ್ಟಿಕೊಂಡು ತಾನೇ ದಂಡ ವಸೂಲಿ ಮಾಡಲು ಬಿಡಲಿಲ್ಲ. ಹಾಗಿರುವಾಗ, ತೋಟದಲ್ಲಿ ನಿಲ್ಲಿಸದೆ ನಿಮ್ಮ ಅಂಗಳದಲ್ಲಿ ನಿಲ್ಲಿಸಿದ ಕಾರನ್ನು ಹಿಡಿದಿಟ್ಟು ಹಣ ಕೇಳುವುದು ನ್ಯಾಯ ಸಂಹಿತೆಯ 308ನೇ ಕಲಮಿನ ಸುಲಿಗೆಯ ವ್ಯಾಖ್ಯೆಯತ್ತ ಸಾಗುತ್ತದೆ. ಯಾವ ಮಾತಿನಲ್ಲಿ ಬೆದರಿಸಿದರು ಎಂಬುದು ಅಲ್ಲಿ ಮುಖ್ಯವಾಗುವುದರಿಂದ, ಆ ಕುಟುಂಬದವರ ಹೇಳಿಕೆ ಮತ್ತು ಹಣ ಸಂದಾಯದ ದಾಖಲೆ ಇಲ್ಲದೆ ನಿಮ್ಮ ದೂರು ನಿಲ್ಲುವುದು ಕಷ್ಟ.

ಇನ್ನು ದಾರಿ. ತಾಲ್ಲೂಕು ಕಚೇರಿಯಿಂದ ಎರಡೂ ಜಮೀನುಗಳ ಫಾರ್ಮ್ 1 ಮತ್ತು 14ನ್ನೂ (ಗೋವಾದ ಪಹಣಿಯಂಥ ದಾಖಲೆ) ಸರ್ವೆ ನಕ್ಷೆಯನ್ನೂ ತೆಗೆಸಿ, ಆ ದಾರಿ ನಕ್ಷೆಯಲ್ಲಿ ಗುರುತಾಗಿದೆಯೇ ಎಂದು ಮೊದಲು ನೋಡಿ. ಬಳಕೆಯಿಂದ ಹಕ್ಕು ಬಂದಿದೆ ಎನ್ನಬೇಕಾದರೆ 1882ರ ಸರಾಗ ಹಕ್ಕುಗಳ (ಈಸ್‌ಮೆಂಟ್, ಅಂದರೆ ಇನ್ನೊಬ್ಬರ ನೆಲವನ್ನು ದಾರಿಯಂಥದ್ದಕ್ಕೆ ಬಳಸುವ ಹಕ್ಕು) ಕಾಯ್ದೆಯ 15ನೇ ಕಲಮಿನಂತೆ 20 ವರ್ಷಗಳ ಕಾಲ ಬಹಿರಂಗವಾಗಿ, ಅಡ್ಡಿಯಿಲ್ಲದೆ, ಹಕ್ಕೆಂದೇ ಬಳಸಿರಬೇಕು. ಅನುಮತಿ ಪಡೆದು ನಡೆದಿದ್ದರೆ ಐವತ್ತು ವರ್ಷ ನಡೆದರೂ ಅದು ಹಕ್ಕಾಗುವುದಿಲ್ಲ. ಆದ್ದರಿಂದ ‘ತಂದೆಯ ಒಪ್ಪಿಗೆ’ ಎಂದು ಅವರು ಹೇಳುತ್ತಿರುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಲುದಾರಿಯ ಹಕ್ಕು ಸಾಬೀತಾದರೂ ಅದು ತಾನಾಗಿ ಕಾರಿನ ದಾರಿಯ ಹಕ್ಕಾಗುವುದಿಲ್ಲ. ದಾವೆಯನ್ನು ಲೀಸುದಾರರಾದ ನೀವು ಹೂಡುವುದಕ್ಕಿಂತ ನಿಮ್ಮ ಭಾಟ್‌ಕಾರರು ಹೂಡುವುದು ಮೇಲು.

ದಾವೆ ವರ್ಷಗಟ್ಟಲೆ ನಡೆಯುತ್ತದೆ ಎಂಬುದು ನಿಜ. ತಾತ್ಕಾಲಿಕ ತಡೆಯಾಜ್ಞೆಗೆ ಕೇಳುವುದು ಅದಕ್ಕಾಗಿಯೇ. ಅದರೊಂದಿಗೆ ಇನ್ನೊಂದು ಬಾಗಿಲಿದೆ. ನೆಲ ಅಥವಾ ನೀರಿನ ಬಳಕೆಯ ಹಕ್ಕಿನ ಜಗಳದಿಂದ ಶಾಂತಿಭಂಗವಾಗುವ ಸಂಭವವಿದ್ದರೆ, ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಯವರು ವಿಚಾರಣೆ ನಡೆಸಿ ಅಡ್ಡಿಯನ್ನು ತೆಗೆಸಬಹುದು. ವರ್ಷವಿಡೀ ಬಳಸುವ ದಾರಿಯಾದರೆ, ಮಾಹಿತಿ ಕೊಡುವ ಮುಂಚಿನ ಮೂರು ತಿಂಗಳೊಳಗೆ ನೀವು ಅದನ್ನು ಬಳಸಿರಬೇಕೆಂಬ ಷರತ್ತಿದೆ. ಬೀಗ ಬಿದ್ದು ಒಂದು ವಾರವಾಗಿದೆ. ಸೀಸನ್ ಮುಗಿಯಲಿ ಎಂದು ಕಾದರೆ ಈ ಬಾಗಿಲು ಮುಚ್ಚುತ್ತದೆ.

ಜೆಸಿಬಿಯ ವಿಚಾರಕ್ಕೆ ಒಂದೇ ಮಾತು. ಆಸ್ತಿ ರಕ್ಷಣೆಯ ಹಕ್ಕು ಇದೆಯಾದರೂ, ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದಾಗ ಅದು ದೊರೆಯುವುದಿಲ್ಲವೆಂದು ನ್ಯಾಯ ಸಂಹಿತೆಯ 37ನೇ ಕಲಮು ಹೇಳುತ್ತದೆ. ಯಂತ್ರವನ್ನು ಬಾಡಿಗೆಗೆ ಗೊತ್ತುಮಾಡಿ, ಹುಡುಗರನ್ನು ಕೂಡಿಸಿ, ರಾತ್ರಿಯಾಗುವುದನ್ನು ಕಾದವರು ತಮಗೆ ಸಮಯವಿರಲಿಲ್ಲವೆಂದು ಯಾವ ನ್ಯಾಯಾಧೀಶರ ಮುಂದೆ ಹೇಳುತ್ತಾರೆ? ನಷ್ಟ ಒಂದು ಲಕ್ಷ ರೂಪಾಯಿ ಮುಟ್ಟಿದರೆ 324ನೇ ಕಲಮಿನಂತೆ ಐದು ವರ್ಷಗಳವರೆಗೆ ಶಿಕ್ಷೆ ಆಗಬಹುದು.

ಉತ್ತರ: ಜುವಾರಿನಗರದ ಹಿರಿಯ

ವಕೀಲರು ಕಾನೂನನ್ನು ಹೇಳಿದರು. ನಾನು ಊರಿನ ಮಾತನ್ನು ಹೇಳುತ್ತೇನೆ. ತಮ್ಮಾ, ನೀವು ರಾತ್ರಿ ಜೆಸಿಬಿ ತಂದರೆ ಬೆಳಗಾಗುವಷ್ಟರಲ್ಲಿ ಅದು ದಾರಿಯ ಜಗಳವಾಗಿ ಉಳಿಯುವುದಿಲ್ಲ. ಕರ್ನಾಟಕದ ಘಾಂಟಿಗಳು (ಹೊರಗಿನವರನ್ನು ಹೀಯಾಳಿಸುವ ಮಾತು) ಗೋಯ್ಕಾರನ (ಗೋವಾದವನ) ಪಾಗಾರ ಕೆಡವಿದರು ಎಂಬ ಸುದ್ದಿಯಾಗುತ್ತದೆ, ಆಮೇಲೆ ನಕ್ಷೆ ಯಾರ ಪರವಾಗಿದೆ ಎಂದು ಕೇಳುವವರೇ ಇರುವುದಿಲ್ಲ. 2004ರಲ್ಲಿ ವಾಸ್ಕೋದ ಬೈನಾದಲ್ಲಿ ಮನೆಗಳನ್ನು ಕೆಡವಿದ್ದನ್ನು ನೋಡಿದ ನಮ್ಮ ಪೀಳಿಗೆಗೆ ಯಂತ್ರದ ಸದ್ದಿನ ಅರ್ಥ ಗೊತ್ತು. 2024ರ ಜೂನ್‌ನಲ್ಲಿ ಅಸಗಾಂವ್‌ನಲ್ಲಿ ಬೌನ್ಸರ್‌ಗಳನ್ನು ಕರೆತಂದು ಮನೆಯೊಂದರ ಭಾಗವನ್ನು ಕೆಡವಿದಾಗ ಇಡೀ ಗೋವಾ ಎದ್ದು ನಿಂತಿತ್ತು. ಆ ಸಿಟ್ಟು ಇನ್ನೂ ಆರಿಲ್ಲ.

ಸರಪಂಚರ ಬಳಿಗೆ ನೀವೊಬ್ಬರೇ ಹೋಗಬೇಡಿ. ಭಾಟ್‌ಕಾರರು ಮುಂದೆ ಕೂರಬೇಕು, ನೀವು ಹಿಂದೆ ಕೂರಬೇಕು. ಹಳೆಯ ಮನೆತನದ ಇಬ್ಬರು ಮುಖಾಮುಖಿ ಕುಳಿತಾಗ ಬೀಗದ ಕೈ ಹೊರಬರುವುದನ್ನು ನಾನು ನೋಡಿದ್ದೇನೆ. ಬಾಡಿಗೆಯ ಲಾಭ ಎಣಿಸುವ ನಿಮ್ಮ ಭಾಟ್‌ಕಾರರು ಮಡಗಾಂವ್‌ನಲ್ಲಿ ಆರಾಮವಾಗಿರುವುದು, ಬೈಗುಳ ತಿನ್ನುವುದು ಮಾತ್ರ ನಿಮ್ಮ ಪಾಲಿಗೆ ಬಂದಿರುವುದು ನನಗೇನೂ ಸರಿಯಾಗಿ ಕಾಣುವುದಿಲ್ಲ.

ಉತ್ತರ: ಲೋಲಿಯೆಯ ಸೊಸೆ

ನಾನು ಶಿರಸಿಯಿಂದ ಮದುವೆಯಾಗಿ ಇದೇ ತಾಲ್ಲೂಕಿಗೆ ಬಂದವಳು. ಆ ಪಕ್ಕದವರ ಜಾಗದಲ್ಲಿ ನಿಂತು ಒಂದಿಷ್ಟು ಹೇಳಬೇಕೆನ್ನಿಸಿತು. ನಮ್ಮ ಮಾವನವರೂ ಭಾಟಿನೊಳಗೆ ನಿಲ್ಲಿಸಿದ ಕಾರುಗಳ ಕುರಿತು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿದ್ದಾರೆ, ಅರ್ಜಿ ಕೊಟ್ಟಿದ್ದಾರೆ, ಠಾಣೆಗೆ ಫೋನ್ ಮಾಡಿದ್ದಾರೆ. ಬಂದ ಪೊಲೀಸರು ಕಾರಿನವರಿಗೆ ಬುದ್ಧಿ ಹೇಳಿ ಕಳುಹಿಸಿದರು, ಮರುದಿನ ಬೇರೆ ಕಾರು ಬಂತು. ಪ್ರವಾಸಿಗ ಎರಡು ದಿನಕ್ಕೆ ಬಂದು ಹೋಗುತ್ತಾನೆ, ಅವನ ಮೇಲೆ ಯಾರು ಯಾವ ದಾವೆ ಹೂಡಲು ಸಾಧ್ಯ? ಕಾಯಿ ಕೀಳಿಸುವ ದಿನ ಮರದ ಬುಡದಲ್ಲಿ ಕಾರಿದ್ದರೆ ಕೊಯ್ಯುವವನ ಕೂಲಿ ಕೊಟ್ಟು ಸುಮ್ಮನೆ ವಾಪಸು ಕಳುಹಿಸಬೇಕಾಗುತ್ತದೆ; ಇದು ಅತಿಥಿಗೃಹದವರ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಹಾಗೆಂದು ನಾನು ಎಲ್ಲವನ್ನೂ ಒಪ್ಪುವವಳಲ್ಲ. ನಮ್ಮ ವಾಡೆಯಲ್ಲಿ (ಕೇರಿಯಲ್ಲಿ) ಒಬ್ಬರು ಪ್ರವಾಸಿಗರ ಬೈಕುಗಳ ಕಾಟ ತಾಳಲಾರದೆ ಹಲಗೆಗೆ ಮೊಳೆ ಹೊಡೆದು, ಮೇಲೆ ತೆಂಗಿನ ಗರಿ ಮುಚ್ಚಿ ದಾರಿಗೆ ಅಡ್ಡ ಇಟ್ಟರು. ಯಾವ ಪ್ರವಾಸಿಗನೂ ಅದರ ಮೇಲೆ ಹೋಗಲಿಲ್ಲ. ಬೆಳಗಿನ ಜಾವ ಪಾವ್ ತರುವ ಪೊದೇರ್ ಸೈಕಲ್ಲಿನಿಂದ ಬಿದ್ದು ಮುಂಗೈ ಮುರಿದುಕೊಂಡ, ಬುಟ್ಟಿಯ ಪಾವೆಲ್ಲ ಮಣ್ಣುಪಾಲಾಯಿತು. ಮೊಳೆ ಇಟ್ಟವರ ಮನೆಗೂ ಆತನೇ ಪಾವ್ ಹಾಕುತ್ತಿದ್ದ. ಆ ಮೇಲೆ ಅವರ ಮನೆಯ ತಕರಾರಿಗೆ ಕಿವಿಗೊಡುವವರು ಊರಿನಲ್ಲಿ ಉಳಿಯಲಿಲ್ಲ, ಅವರ ಜಾಗಕ್ಕೆ ಬೈಕುಗಳು ನುಗ್ಗುತ್ತಿದ್ದುದು ಮಾತ್ರ ಪೂರ್ತಿ ನಿಜವಾಗಿತ್ತು.

ಆದುದರಿಂದ ಫಲಕ, ಕಲ್ಲು, ಬೇಕಿದ್ದರೆ ಬೀಗ, ಇಷ್ಟನ್ನು ನಾನು ಒಪ್ಪುತ್ತೇನೆ. ಗಾಳಿ ತೆಗೆಯುವುದನ್ನು ಒಪ್ಪುವುದಿಲ್ಲ, ಏಕೆಂದರೆ ಆ ಕಾರಿನಲ್ಲಿ ರಾತ್ರಿ ಆಸ್ಪತ್ರೆಗೆ ಹೋಗಬೇಕಾದವರು ಇರಬಹುದು. ಹಣ ಪಡೆದದ್ದಂತೂ ಪ್ರತೀಕಾರವೂ ಅಲ್ಲ, ಅದೊಂದು ಕಸುಬಿನ ಆರಂಭ. ಬೀಗದಿಂದ ಹತ್ತು ಸಾವಿರ ಬರುತ್ತದೆಂದು ಗೊತ್ತಾದ ಮೇಲೆ ದಾರಿಯ ಜಗಳ ಮುಗಿಯುವುದು ಯಾರಿಗೆ ಬೇಕಾಗಿರುತ್ತದೆ?

ಉತ್ತರ: ಪಾಟ್ನೆಂ ಶ್ಯಾಕ್

ಹಿರಿಯರ ಮಾತಿಗೆ ಎದುರು ಹೇಳುತ್ತಿದ್ದೇನೆ, ಕ್ಷಮಿಸಬೇಕು. ಜೆಸಿಬಿ ಬೇಡವೆಂಬುದನ್ನು ಒಪ್ಪುತ್ತೇನೆ. ಆದರೆ ಆ ವ್ಯಕ್ತಿಯ ಫೋಟೊ ಮತ್ತು ಆತ ಹಣ ಕೇಳಿದ ವಿಡಿಯೊವನ್ನು ಹಾಕುವುದರಲ್ಲಿ ತಪ್ಪೇನು? ನಮ್ಮಂಥವರ ದೂರಿಗೆ ಠಾಣೆಯಲ್ಲಿ ಬೆಲೆಯಿಲ್ಲ. ವಿಡಿಯೊ ಹರಡಿದರೆ ಮಾತ್ರ ಅಧಿಕಾರಿಗಳು ಎಚ್ಚರಗೊಳ್ಳುತ್ತಾರೆ. ಆತ ನಮ್ಮ ಹೊಟ್ಟೆಯ ಮೇಲೆ ಹೊಡೆದಿದ್ದಾನೆ, ಆತನಿಗೂ ಅದರ ರುಚಿ ಗೊತ್ತಾಗಲಿ.

ಉತ್ತರ: ಲೋಲಿಯೆಯ ಸೊಸೆ

ರುಚಿ ಗೊತ್ತಾಗುವುದು ಆತನಿಗಲ್ಲ, ತಮ್ಮಾ, ತಿಂಡಿ ಅಂಗಡಿಯಲ್ಲಿ ಬೆಳಿಗ್ಗೆಯಿಂದ ನಿಂತಿರುವ ಆ ಹುಡುಗಿಗೆ. ಹುಬ್ಬಳ್ಳಿಯವರಿಗೂ ದಾರಿಗೂ ಎಷ್ಟು ಸಂಬಂಧವೋ, ಆಕೆಗೂ ಬೀಗಕ್ಕೂ ಅಷ್ಟೇ ಸಂಬಂಧ. ಆತ ಮಾಡಿದ್ದನ್ನೇ ನೀವೂ ಮಾಡುವುದಾದರೆ ಆತನ ಮೇಲೆ ದೂರು ಏಕೆ?

ಉತ್ತರ: ಮಡಗಾಂವ್ ವಕೀಲ

ವಿಡಿಯೊ ಇದ್ದರೆ ಅದರ ಮೂಲ ಪ್ರತಿಯನ್ನು ಕತ್ತರಿಸದೆ, ಚಿತ್ರೀಕರಿಸಿದ ಫೋನಿನಲ್ಲೇ ಇಟ್ಟುಕೊಂಡು ತನಿಖಾಧಿಕಾರಿಗೆ ಒಪ್ಪಿಸಿ. ಹೆಸರು, ಫೋನ್ ನಂಬರ್, ಮನೆಯ ಗುರುತು ಹಾಕಿ ಹರಡಿದರೆ, ನೂರಾರು ಅಪರಿಚಿತರು ಆತನಿಗೆ ಕರೆಮಾಡಿ ಬೆದರಿಸುವುದನ್ನು ನೀವು ಮತ್ತೆ ತಡೆಯಲಾರಿರಿ. ಮಾನನಷ್ಟದ ಪ್ರಕರಣದಲ್ಲಿ ಸಿಕ್ಕಿಕೊಳ್ಳುವವರು ಮೊದಲು ಹಾಕಿದ ನೀವೇ. ಅಂಗಡಿಗೆ ಹೋಗದವರಿಂದ ಅಭಿಪ್ರಾಯ ಬರೆಸುವುದು ಶುದ್ಧ ಸುಳ್ಳು. ಅದನ್ನು ಸಮರ್ಥಿಸಲು ಯಾವ ವಕೀಲರೂ ಒಪ್ಪಲಾರರು, ಒಪ್ಪಿದರೆ ಶುಲ್ಕಕ್ಕಾಗಿ ಮಾತ್ರ.

ಮತ್ತೆ ಬರೆದವರು: ಕಾಳಿ ತೀರದವ

ಎಲ್ಲರಿಗೂ ವಂದನೆಗಳು. ಹುಡುಗರಿಗೆ ಜೆಸಿಬಿಯ ಮಾತು ನಿಲ್ಲಿಸಲು ಹೇಳಿದ್ದೇನೆ. ಭಾಟ್‌ಕಾರರು ಭಾನುವಾರ ಬಂದು ಸರಪಂಚರ ಮುಂದೆ ಕೂರಲು ಒಪ್ಪಿದ್ದಾರೆ. ಫಾರ್ಮ್ 1 ಮತ್ತು 14ಕ್ಕೆ ಚಾವಡಿ ಪೇಟೆಯ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟಾಗಿದೆ. ನಮ್ಮ ಅತಿಥಿಗಳ ಕಾರುಗಳನ್ನು ಮುಖ್ಯ ರಸ್ತೆಯ ಪಕ್ಕದ ಅಂಗಳವೊಂದರಲ್ಲಿ ಬಾಡಿಗೆಗೆ ನಿಲ್ಲಿಸುತ್ತೇನೆ, ಸಾಮಾನನ್ನು ಕೈಗಾಡಿಯಲ್ಲಿ ತರಿಸುತ್ತೇನೆ ಎಂದು ಪಕ್ಕದವರಿಗೆ ಹೇಳಿಕಳುಹಿಸಿದೆ. ಉತ್ತರ ಬಂದಿಲ್ಲ, ಆದರೆ ಇಂದು ಬೆಳಿಗ್ಗೆ ನಡೆದುಹೋಗುವವರಿಗೆ ಸರಪಳಿ ಸಡಿಲಿಸಿದ್ದರು. ಹುಬ್ಬಳ್ಳಿಯವರು ಹಣ ಸಂದಾಯದ ದಾಖಲೆ ಕೊಡಲು ಸಿದ್ಧರಿದ್ದಾರೆ, ದೂರು ಕೊಡಲು ಮತ್ತೆ ಗೋವಾಕ್ಕೆ ಬರಲು ಮಾತ್ರ ಒಪ್ಪುತ್ತಿಲ್ಲ. ಇದಕ್ಕೆ ದಾರಿಯಿದೆಯೇ?

ಉತ್ತರ: ಮಡಗಾಂವ್ ವಕೀಲ

ಇದೆ. ಅಪರಾಧ ಎಲ್ಲಿಯೇ ನಡೆದಿರಲಿ, ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅವರು ಹುಬ್ಬಳ್ಳಿಯ ಠಾಣೆಯಲ್ಲೇ ಮಾಹಿತಿ ಕೊಡಬಹುದು, ಅಲ್ಲಿಂದ ಅದು ಕಾಣಕೋಣಕ್ಕೆ ವರ್ಗವಾಗುತ್ತದೆ. ವಿದ್ಯುನ್ಮಾನ ರೂಪದಲ್ಲಿ ಕಳುಹಿಸಿದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ಭಾನುವಾರದ ಮಾತುಕತೆಯಲ್ಲಿ ಆತ ಹಣ ಹಿಂದಿರುಗಿಸಲು ಮುಂದಾದರೆ ಅದನ್ನು ನೀವು ಕೈಯಲ್ಲಿ ತೆಗೆದುಕೊಳ್ಳಬೇಡಿ. ಕೊಟ್ಟವರ ಖಾತೆಗೇ ನೇರವಾಗಿ ಹೋಗಲಿ, ದೂರು ಕೊಡುವುದೋ ಬಿಡುವುದೋ ಎಂಬುದನ್ನೂ ಅವರೇ ನಿರ್ಧರಿಸಲಿ.