13ಬಿ ಎಂಜಿನ್‌ಗೆ 2.85 ಗೇರ್‌ಬಾಕ್ಸ್ ಕೂರಿಸಿದ ಮೇಲೆ ಕಟಕಟ ಸದ್ದು, ವಿಪರೀತ ನಡುಕ. ತಲೆ ಕೆಟ್ಟುಹೋಗಿದೆ

ಒಹಾಯೋ_ಹ್ಯಾಂಗರ್:
ವಿಮಾನಕ್ಕೆ ಹಾಕಿರೋದು ಕಾರಿನ ರೋಟರಿ ಎಂಜಿನ್, ಮಾಜ್ದಾ 13ಬಿ. ವೇಗ ತಗ್ಗಿಸಿ ಪ್ರೊಪೆಲರ್‌ಗೆ ಕೊಡೋಕೆ ಪ್ಲಾನೆಟರಿ ರಿಡಕ್ಷನ್ ಡ್ರೈವ್, 2.85 ರೇಶಿಯೋ (ಎಂಜಿನ್ 2.85 ಸುತ್ತಿದರೆ ಪ್ರೊಪೆಲರ್ ಒಂದು ಸುತ್ತು), 74 ಇಂಚಿನ ಪ್ರೊಪೆಲರ್. ಸ್ಟಾರ್ಟ್ ಆದ ಕೂಡಲೇ ತಗಡಿನ ಡಬ್ಬಕ್ಕೆ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಥ್ರಾಟಲ್ ಕೊಟ್ಟರೆ ನಡುಕ ಶುರು, ಪ್ಯಾನೆಲ್‌ನಲ್ಲಿ ಮುಳ್ಳು ಎಲ್ಲಿದೆ ಅಂತಲೇ ಕಾಣಲ್ಲ. ಎಲ್ಲ ಬೋಲ್ಟ್ ಟಾರ್ಕ್ ನೋಡಿಯಾಯ್ತು. ಗೇರ್‌ಬಾಕ್ಸ್ ಮಾರಿದವನು "ನಮ್ಮ ಮಾಲು ಸರಿಯಾಗೇ ಇದೆ" ಅಂತ ಫೋನ್ ಇಟ್ಟ. ಏನು ಮಾಡ್ಲಿ?

ಹಲ್ಲುಚಕ್ರ:
ಟಾರ್ಷನಲ್ ರೆಸೊನೆನ್ಸ್, ಅಂದ್ರೆ ಎಂಜಿನ್ನಿನ ಹೊಡೆತ ಶಾಫ್ಟಿನ ಸಹಜ ಲಯಕ್ಕೆ ಕೂಡಿಬಂದು ತಿರುಚೋ ನಡುಕ ಬೆಳೆಯೋದು. ಬೇರೆ ಏನೂ ಅಲ್ಲ. ಒಂದು ಕಡೆ ಎಂಜಿನ್, ಇನ್ನೊಂದು ಕಡೆ ಭಾರದ ಪ್ರೊಪೆಲರ್, ಮಧ್ಯೆ ಸ್ಪ್ರಿಂಗ್ ಥರ ತಿರುಚಿಕೊಳ್ಳೋ ಶಾಫ್ಟು. ಎಂಜಿನ್ನನ್ನ ಗೇರ್‌ಬಾಕ್ಸಿಗೆ ಸೇರಿಸೋ ಕಪ್ಲಿಂಗ್ ಗಟ್ಟಿಯಾಗಿದ್ದರೆ ರೆಸೊನೆನ್ಸ್ ನೀವು ಓಡಿಸೋ ಆರ್‌ಪಿಎಂಗೇ ಬಂದು ಕೂರುತ್ತೆ. ಮೆತ್ತನೆ ರಬ್ಬರ್ ಹಾಕಿ, ಐಡಲ್‌ಗಿಂತ (ಥ್ರಾಟಲ್ ಕೊಡದಿದ್ದಾಗಿನ ವೇಗ) ಕೆಳಗೆ ಇಳಿಯುತ್ತೆ. ನಡುಕ ನುಂಗೋ ಡ್ಯಾಂಪರ್ ಯಾವುದು ಹಾಕಿದ್ದೀರಿ?

ಜಕ್ಕೂರು582:
ಪ್ರೊಪೆಲರ್‌ನ ಇನರ್ಷಿಯಾ (ತಿರುಗೋ ವೇಗ ಬದಲಾಗೋದನ್ನ ತಡೆಯೋ ಜಡತ್ವ) ಎಷ್ಟು ಸಾರ್? ಸಣ್ಣ ವಿಮಾನಗಳ ರೋಟಾಕ್ಸ್ ಎಂಜಿನ್‌ನಲ್ಲಿ ಬಿ ಗೇರ್‌ಬಾಕ್ಸಿಗೆ 3000, ಸಿ ಗೇರ್‌ಬಾಕ್ಸಿಗೆ 6000 ಕೆಜಿ-ಚ.ಸೆಂ.ಮೀ. ಮಿತಿ ಅಂತ ಬರೆದೇ ಕೊಟ್ಟಿರ್ತಾರೆ. ಸಿ ಬಾಕ್ಸಲ್ಲಿ ರಬ್ಬರ್ ಕಪ್ಲಿಂಗ್ ಇರೋದು ಇದಕ್ಕೇ. ಐಡಲ್ ಎಷ್ಟಕ್ಕಿದೆ?

ಒಹಾಯೋ_ಹ್ಯಾಂಗರ್:
ಡ್ಯಾಂಪರ್ ಕಿಟ್ ಜೊತೆ ಬಂದದ್ದೇ, ಹೊಸದು. ಐಡಲ್ 1200. ಕಾರಲ್ಲಿ ಇನ್ನೂ ಕಮ್ಮಿಗೆ ನಿಲ್ತಿತ್ತಲ್ಲ!

ಜಕ್ಕೂರು582:
ಕಾರಲ್ಲಿ ಇದ್ದದ್ದು ಫ್ಲೈವೀಲು, ಗೇರಿನ ಆಚೆ ಪ್ರೊಪೆಲರ್ ಅಲ್ಲ. ರೋಟರಿ ಎಂಜಿನ್ ಕಮ್ಮಿ ಲೋಡಲ್ಲಿ ಹೊಗೆಗಾಳಿಯನ್ನ ಒಳಗೇ ಉಳಿಸಿಕೊಂಡು ಒಂದು ಸಲ ಉರಿಯುತ್ತೆ, ಇನ್ನೊಂದು ಸಲ ಉರಿಯಲ್ಲ. ಒಮ್ಮೆ ಎಂಜಿನ್ ಪ್ರೊಪೆಲರ್‌ನ ತಳ್ಳುತ್ತೆ, ಮರುಗಳಿಗೆ ಪ್ರೊಪೆಲರ್ ಎಂಜಿನ್‌ನ ಎಳೆಯುತ್ತೆ. ಹಲ್ಲಿನ ಸಂದಿ ಎಷ್ಟಿದೆಯೋ ಅಷ್ಟೂ ಬಡಿದಾಡುತ್ತೆ. 1800ಕ್ಕೆ ಏರಿಸಿ ನೋಡಿ.

ಡಾರ್ಟ್_ರಾಯರು:
ರೋಲ್ಸ್ ರಾಯ್ಸ್ ಡಾರ್ಟ್ ಟರ್ಬೊಪ್ರಾಪ್ (ಪ್ರೊಪೆಲರ್ ತಿರುಗಿಸೋ ಟರ್ಬೈನ್ ಎಂಜಿನ್) ಓವರ್‌ಹಾಲ್ ಮಾಡಿದ ಕೈ ನಮ್ಮದು. 15,000 ಆರ್‌ಪಿಎಂ, 0.093 ರಿಡಕ್ಷನ್, ಪ್ರೊಪೆಲರ್‌ಗೆ ಹೋಗೋದು ಸುಮಾರು 1,400. ಗೇರಿನ ಸದ್ದು ಅನ್ನೋದೇ ಇರಲಿಲ್ಲ. 1.3 ಲೀಟರಿನ ಕಾರ್ ಎಂಜಿನ್ ತಂದು ವಿಮಾನಕ್ಕೆ ಕಟ್ಟಿದರೆ ಹೀಗೇ.

ಆರ್‌ಎಕ್ಸ್_ಮಂಗಳೂರು:
1.3 ಅಂತ ಹಗುರ ಮಾಡ್ಬೇಡಿ ಮಾರಾಯ್ರೆ. 654 ಸಿಸಿಯ ಎರಡು ರೋಟರ್ (ಪಿಸ್ಟನ್ ಬದಲು ಒಳಗೆ ತಿರುಗುವ ತ್ರಿಕೋನ), ಶಾಫ್ಟಿನ ಪ್ರತಿ ಸುತ್ತಿಗೂ ಎರಡು ಸಲ ಫೈರ್ ಆಗ್ತದೆ. ಫೋರ್ ಸ್ಟ್ರೋಕ್ ಲೆಕ್ಕದಲ್ಲಿ 2.6 ಲೀಟರ್.

ಡಾರ್ಟ್_ರಾಯರು:
ಲೆಕ್ಕ ನಿಮ್ಮಿಷ್ಟ. ಟ್ಯಾಕ್ಸ್ ಕಟ್ಟೋವಾಗ 1.3, ಜಂಬ ಕೊಚ್ಚೋವಾಗ 2.6!

ಒಹಾಯೋ_ಹ್ಯಾಂಗರ್:
ಲೀಟರ್ ಜಗಳ ಬೇರೆ ಕಡೆ ಆಡ್ಕೊಳ್ಳಿ ದಯವಿಟ್ಟು. 1800ಕ್ಕೆ ಏರಿಸಿದೆ, ಕಟಕಟ ಹೋಯ್ತು. ಜಕ್ಕೂರು ಸಾರ್‌ಗೆ ದೊಡ್ಡ ನಮಸ್ಕಾರ. ಆದರೆ ನಡುಕ ಹಾಗೇ ಇದೆ, 4000 ದಾಟಿದರೆ ಇನ್ನೂ ಜಾಸ್ತಿ.

ಹಲ್ಲುಚಕ್ರ:
ಹೇಳಿದ್ನಲ್ಲ, ರೆಸೊನೆನ್ಸ್. ರಬ್ಬರ್ ಬದಲಾಯಿಸಿ.

ಆರ್‌ಎಕ್ಸ್_ಮಂಗಳೂರು:
ರೆಸೊನೆನ್ಸ್ ಆಗಿದ್ರೆ ಒಂದು ಆರ್‌ಪಿಎಂಗೆ ಬಂದು, ದಾಟಿದ ಮೇಲೆ ಇಳಿಯಬೇಕಿತ್ತಲ್ವಾ? ಇದು ಏರ್ತಾನೇ ಉಂಟು. ಫೋನಿನ ವೈಬ್ರೇಶನ್ ಆ್ಯಪ್ ಹಾಕಿ, ಫೋನನ್ನ ಎಂಜಿನ್ ಮೌಂಟಿಗೆ ಬಿಗಿಯಾಗಿ ಕಟ್ಟಿ, 3000ದಲ್ಲಿ ನಿಲ್ಲಿಸಿ. 17.5 ಹರ್ಟ್ಸ್ ಬಂದ್ರೆ ಪ್ರೊಪೆಲರ್. 50 ಬಂದ್ರೆ ಎಕ್ಸೆಂಟ್ರಿಕ್ ಶಾಫ್ಟಿನ (ರೋಟರ್ ಕೂತಿರುವ ಎಂಜಿನ್ನಿನ ಮುಖ್ಯ ಶಾಫ್ಟು) ಬ್ಯಾಲೆನ್ಸ್ ತಪ್ಪಿದೆ ಅಂತ. 100 ಬಂದ್ರೆ ಫೈರಿಂಗ್, ಅದು ಸ್ವಲ್ಪ ಇದ್ದದ್ದೇ. ರೋಟರ್ ತಿರುಗೋದು ಶಾಫ್ಟಿನ ಮೂರನೇ ಒಂದು ವೇಗದಲ್ಲಿ, ಅಂದ್ರೆ 16.7. ಪ್ರೊಪೆಲರಿನದ್ದಕ್ಕೆ ಬಹಳ ಹತ್ತಿರ, ಎರಡನ್ನೂ ಕಲಸಿಕೊಳ್ಬೇಡಿ.

ಒಹಾಯೋ_ಹ್ಯಾಂಗರ್:
50ರಲ್ಲಿ ದೊಡ್ಡ ಗೋಪುರ. 17ರ ಹತ್ತಿರ ಸಣ್ಣ ದಿಬ್ಬ.

ಹಲ್ಲುಚಕ್ರ:
ಫೋನ್ ಆ್ಯಪ್ ನಂಬಿಕೊಂಡು ವಿಮಾನ ಹಾರಿಸ್ತೀರಾ?

ಆರ್‌ಎಕ್ಸ್_ಮಂಗಳೂರು:
ಹಾರಿಸ್ಲಿಕ್ಕೆ ಅಲ್ಲ, ಹುಡುಕ್ಲಿಕ್ಕೆ. ಒಹಾಯೋದವ್ರೇ, ಎಂಜಿನ್ ಯಾವ ವರ್ಷದ್ದು? ಫ್ಲೈವೀಲ್ ತೆಗೆದು ಏನು ಹಾಕಿದ್ದೀರಿ? ರೋಟರ್ ಅದರದ್ದೇನಾ?

ಒಹಾಯೋ_ಹ್ಯಾಂಗರ್:
1987ರ ಮ್ಯಾನುಯಲ್ ಕಾರಿಂದು. ಫ್ಲೈವೀಲ್ ಬದಲು ಅದೇ ವರ್ಷದ ಆಟೋಮ್ಯಾಟಿಕ್ ಕಾರಿನ ಕೌಂಟರ್‌ವೇಟ್ (ರೋಟರಿನ ತೂಕ ಸರಿದೂಗಿಸೋ ತೂಕ), ಎಲ್ಲರೂ ಹಾಕೋದು ಅದನ್ನೇ ಅಲ್ವಾ. ರೋಟರ್ 9.7 ಕಂಪ್ರೆಶನ್ ರೇಶಿಯೋದ್ದು, ರೀಬಿಲ್ಡ್ ಮಾಡಿಸುವಾಗ ಹಾಕಿಸಿದ್ದು.

ಆರ್‌ಎಕ್ಸ್_ಮಂಗಳೂರು:
ಇದನ್ನ ಮೊದಲೇ ಹೇಳೋದಲ್ವಾ ಮಾರಾಯ್ರೆ! 87ರಲ್ಲಿ ಬಂದದ್ದು 9.4ರ ರೋಟರ್. 9.7 ಬಂದದ್ದು 89ರಿಂದ, ಅದು ಹಗುರ. ಹಳೇ ಕೌಂಟರ್‌ವೇಟ್ ಭಾರದ ರೋಟರಿಗೆ ತೂಗಿದ್ದು. ಹಿಂದಿನದ್ದು ಮಾತ್ರ ಅಲ್ಲ, ಮುಂದಿನದ್ದೂ ಹಾಗೇ. ಎರಡೂ 89–91ರದ್ದು ಹಾಕ್ಬೇಕು, ಇಲ್ಲದಿದ್ರೆ ರೋಟರಿನ ತೂಕ ಕೊಟ್ಟು ಬ್ಯಾಲೆನ್ಸಿಂಗ್ ಮಾಡಿಸ್ಬೇಕು. ಗೇರ್‌ಬಾಕ್ಸ್ ಪಾಪ ಏನೂ ಮಾಡ್ಲಿಲ್ಲ.

ಹಿಂದಿನ 54 ಎಂಎಂ ನಟ್ ಬಿಚ್ಚುವಾಗ ಶಾಫ್ಟನ್ನ ಮುಂದಿನ ಪುಲ್ಲಿ ಬೋಲ್ಟಿಂದ ಹಿಡಿಯಬೇಡಿ, ಆ ಬೋಲ್ಟೇ ಸಡಿಲ ಆಗ್ತದೆ. ಕೌಂಟರ್‌ವೇಟಿಗೇ ಪಟ್ಟಿ ಕಟ್ಟಿ ಲಾಕ್ ಮಾಡಿ. ಮುಂಭಾಗ ಬಿಚ್ಚೋದು ಎಂಜಿನ್ನನ್ನ ಮೂತಿ ಮೇಲೆ ಮಾಡಿ ನಿಲ್ಲಿಸಿಯೇ. ಮಲಗಿಸಿ ಬಿಚ್ಚಿದ್ರೆ ಒಳಗಿನ ಥ್ರಸ್ಟ್ ಬೇರಿಂಗ್ ಜಾರಿ, ಬಿಗಿಯುವಾಗ ಸಿಕ್ಕಿ ಹಾಕ್ಕೊಳ್ತದೆ. ಆಮೇಲೆ ಡಯಲ್ ಗೇಜ್ ಇಟ್ಟು ಎಂಡ್ ಪ್ಲೇ (ಶಾಫ್ಟು ಹಿಂದೆ ಮುಂದೆ ಸರಿಯುವ ಅಂತರ) ನೋಡಿ. 0.04ರಿಂದ 0.07 ಎಂಎಂ ಒಳಗೇ ಇರ್ಬೇಕು.

ಒಹಾಯೋ_ಹ್ಯಾಂಗರ್:
ಎರಡೂ ಆರ್ಡರ್ ಮಾಡಿದೆ. ಎಂಜಿನ್ ಇಳಿಸ್ಬೇಕು ಅಂದರೆ ರೇಡಿಯೇಟರ್ ಪೈಪಿಂಗ್ ಎಲ್ಲ ಮತ್ತೆ ಬಿಚ್ಚಬೇಕು, ಅದು ನೆನೆಸ್ಕೊಂಡ್ರೇ ಸುಸ್ತು.

ಹಲ್ಲುಚಕ್ರ:
ಹೇಗೂ ಇಳಿಸ್ತೀರಲ್ಲ, ರಬ್ಬರೂ ಬದಲಾಯಿಸಿಬಿಡಿ.

ಡಾರ್ಟ್_ರಾಯರು:
ಅಂದಹಾಗೆ ಆ ಎಂಜಿನ್ನಿಗೆ ಮಫ್ಲರ್ ಯಾವುದು? ರೋಟರಿ ಎಕ್ಸಾಸ್ಟಿನ ಬಿಸಿಗೆ ಮಾಮೂಲಿ ಸ್ಟೀಲ್ ತಾಳಲ್ಲ. ನಮ್ಮ ಕಾಲದಲ್ಲಿ ಜೆಟ್ ಪೈಪಿಗೆ ಏನು ಹಾಕ್ತಿದ್ವಿ ಅಂದರೆ…

ಒಹಾಯೋ_ಹ್ಯಾಂಗರ್:
ರಾಯರೇ, ಅದಕ್ಕೆ ಬೇರೆ ಥ್ರೆಡ್ ಶುರು ಮಾಡಿ, ಅಲ್ಲಿಗೇ ಬರ್ತೀನಿ. ನಂದೂ ಎರಡು ಬಿರುಕು ಬಿಟ್ಟಿದೆ.