ಪುಟ್ಟಿಯ ಮುಂದಿನ ಓದಿನ ಬಗ್ಗೆ

ಭಾವ, ಅಕ್ಕ, ದೊಡ್ಡಪ್ಪ ಮತ್ತು ಗುಂಪಿನ ಎಲ್ಲ ಹಿರಿಯರಿಗೆ ನಮಸ್ಕಾರ. ಪುಟ್ಟಿಗೆ ಬಿಸಿಎ (ಕಂಪ್ಯೂಟರ್ ಪದವಿ) ಸೀಟು ಸಿಗುವಂತಿದ್ದರೂ ಅವಳು ಕಲಿನರಿ ಆರ್ಟ್ಸ್, ಅಂದರೆ ಪಾಕಕಲೆ ಓದುತ್ತೇನೆಂದು ಪಟ್ಟು ಹಿಡಿದಿದ್ದಾಳೆ, ಏನು ಮಾಡುವುದು ಎಂದು ಭಾವ ನಿನ್ನೆ ಕೇಳಿದ್ದರು. ಅಡುಗೆ ಕಲಿಯಲು ಕಾಲೇಜು ಏಕೆ ಬೇಕು ಎಂದು ದೊಡ್ಡಪ್ಪ ಕೇಳಿದರು. ಎನ್ನೆಸ್ಸೆಸ್‌ಗೆ (ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಗೆ) ಸೇರಿದರೆ ಓದು ಹಿಂದೆ ಬೀಳುವುದಿಲ್ಲವೇ ಎಂಬುದು ಅಕ್ಕನ ಆತಂಕ. ಬಿಸಿಎ ಮಕ್ಕಳಿಗೆ ಪಾಠ ಮಾಡುವವನಾಗಿ, ಕೆಲವು ವರ್ಷ ಎನ್ನೆಸ್ಸೆಸ್ ಯೋಜನಾಧಿಕಾರಿಯಾಗಿಯೂ ಇದ್ದವನಾಗಿ ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಪುರುಸೊತ್ತು ಮಾಡಿಕೊಂಡು ಕೇಳಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೋರ್ಸಿನ ಹೆಸರು ನೋಡಿ ಸೇರಿಸಬೇಡಿ, ಆ ಕೋರ್ಸಿನಲ್ಲಿ ದಿನನಿತ್ಯ ಮಾಡಬೇಕಾದ ಕೆಲಸವನ್ನು ನೋಡಿ. ಬೇಸರ ತರಿಸುವಂಥ, ಮತ್ತೆ ಮತ್ತೆ ಮಾಡಬೇಕಾದ ಭಾಗ ಪ್ರತಿಯೊಂದು ವಿದ್ಯೆಯಲ್ಲಿಯೂ ಇದೆ. ಅದನ್ನು ತಾಳಿಕೊಳ್ಳುವ ಮನಸ್ಸು ಪುಟ್ಟಿಗೆ ಎಲ್ಲಿದೆ ಎಂಬುದನ್ನು ಫೀಸು ಕಟ್ಟುವ ಮೊದಲು ತಿಳಿದುಕೊಳ್ಳಬೇಕು.

ಬಿಸಿಎಯಲ್ಲಿ ಆ ಭಾಗ ಯಾವುದೆಂದು ಒಂದು ಉದಾಹರಣೆ ಕೊಡುತ್ತೇನೆ. ಆರಂಭದಲ್ಲಿಯೇ ಸಿ ಎಂಬ ಕಂಪ್ಯೂಟರ್ ಭಾಷೆಯ ಲ್ಯಾಬಿನಲ್ಲಿ ಸರಾಸರಿ ಕಂಡುಹಿಡಿಯುವ ಪ್ರೋಗ್ರಾಮ್ ಬರೆಯಲು ಹೇಳುತ್ತೇವೆ. ಏಳನ್ನು ಎರಡರಿಂದ ಭಾಗಿಸಿದರೆ ಮೂರೂವರೆ ಬರಬೇಕಷ್ಟೆ. ಆದರೆ ಎರಡೂ ಸಂಖ್ಯೆಗಳನ್ನು ಪೂರ್ಣಾಂಕಗಳೆಂದು ಬರೆದಿದ್ದರೆ ಕಂಪ್ಯೂಟರ್ ಮೂರು ಎಂದಷ್ಟೇ ತೋರಿಸುತ್ತದೆ. ಪರದೆಯ ಮೇಲೆ ಯಾವ ದೋಷವೂ ಕಾಣಿಸುವುದಿಲ್ಲ, ಉತ್ತರ ಮಾತ್ರ ತಪ್ಪಾಗಿರುತ್ತದೆ. ಆಗ ಪಕ್ಕದವರ ಪ್ರೋಗ್ರಾಮನ್ನು ನಕಲು ಮಾಡಿ ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುವ ಮಕ್ಕಳೂ ಇದ್ದಾರೆ, ಒಂದೊಂದೇ ಸಾಲನ್ನು ಪರೀಕ್ಷಿಸುತ್ತಾ ಕಾರಣ ಸಿಗುವವರೆಗೆ ಕುರ್ಚಿ ಬಿಟ್ಟು ಏಳದ ಮಕ್ಕಳೂ ಇದ್ದಾರೆ. ಮುಂದೆ ಡೇಟಾ ಸ್ಟ್ರಕ್ಚರ್, ಡೇಟಾಬೇಸ್, ಜಾವಾ ಎಲ್ಲವೂ ಕೈಗೆ ಹತ್ತುವುದು ಈ ಎರಡನೆಯ ಗುಂಪಿನವರಿಗೆ. ಈಗಂತೂ ಕೇಳಿದ ಪ್ರೋಗ್ರಾಮನ್ನು ಎಐ ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ. ಅದರಲ್ಲಿ ತಪ್ಪೆಲ್ಲಿದೆ ಎಂದು ಗುರುತಿಸುವ ಕಣ್ಣಿಗೆ ಹಿಂದಿಗಿಂತ ಹೆಚ್ಚು ಬೆಲೆ ಬಂದಿದೆ. ಆದ್ದರಿಂದ ಬಿಸಿಎ ಮಾಡಿಸಿದರೆ ಕೆಲಸ ಗ್ಯಾರಂಟಿ ಎಂಬ ಭಾವನೆಯಿಂದ ಮಾತ್ರ ಅವಳನ್ನು ಅಲ್ಲಿಗೆ ಕಳುಹಿಸಬೇಡಿ.

ಇನ್ನು ದೊಡ್ಡಪ್ಪನ ಪ್ರಶ್ನೆ. ಅವರ ಮಾತಿನಲ್ಲಿ ಸತ್ಯವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಕೋಟದ ಕಡೆಯ ಪಾರಂಪಳ್ಳಿಯಿಂದ ಹೋದ ಮೈಯರು ಬೆಂಗಳೂರಿನಲ್ಲಿ 1924ರಲ್ಲಿ ಆರಂಭಿಸಿದ ಹೋಟೆಲೇ ಎಂಟಿಆರ್ ಆಗಿ ಬೆಳೆಯಿತು. ಉಡುಪಿ ಹೋಟೆಲ್ ಎಂಬ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದವರು ಯಾವ ಪದವಿಯನ್ನೂ ಪಡೆದವರಲ್ಲ, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ದುಡಿದು ಕಲಿತವರು. ಆದರೆ ಕಾಲೇಜಿನಲ್ಲಿ ಕಲಿಸುವುದು ಸಾಂಬಾರು ಮಾಡುವ ವಿಧಾನವನ್ನಷ್ಟೇ ಅಲ್ಲ. ಐವತ್ತು ಜನರ ಸಾಂಬಾರಿನ ಅಳತೆಯನ್ನು ಹತ್ತರಿಂದ ಗುಣಿಸಿದರೆ ಐನೂರು ಜನರ ಸಾಂಬಾರು ಆಗುವುದಿಲ್ಲ, ಏಕೆಂದರೆ ದೊಡ್ಡ ಪಾತ್ರೆಯಲ್ಲಿ ನೀರು ಆವಿಯಾಗುವ ಪ್ರಮಾಣವೇ ಬೇರೆ. ಅದೇ ಸಾಂಬಾರು ಉಳಿದರೆ ಮುಚ್ಚಿಟ್ಟು ಮನೆಗೆ ಹೋಗುವಂತಿಲ್ಲ. ನಮ್ಮ ಕರಾವಳಿಯ ಸೆಕೆಯಲ್ಲಿ ಅದರ ನಡುಭಾಗ ರಾತ್ರಿಯಿಡೀ ಬೆಚ್ಚಗೇ ಇರುತ್ತದೆ, 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ರೋಗಾಣುಗಳು ಬೇಗ ಹೆಚ್ಚುತ್ತವೆ, ಹಾಗಾಗಿ ಅಗಲವಾದ ತಟ್ಟೆಗಳಿಗೆ ಹಂಚಿ ಬೇಗನೆ ತಣಿಸಿ ಫ್ರಿಜ್ಜಿಗೆ ಸೇರಿಸಬೇಕು. ಲೆಕ್ಕಾಚಾರವೂ ಹಾಗೆಯೇ. ಕಿಲೋಗೆ 300 ರೂಪಾಯಿಯಂತೆ 10 ಕಿಲೋ ಮೀನು ತಂದು, ತಲೆ, ಮುಳ್ಳು, ಸಿಪ್ಪೆ ಕಳೆದು 6 ಕಿಲೋ ಉಳಿಯಿತೆಂದರೆ ಅದರ ನಿಜವಾದ ಬೆಲೆ ಕಿಲೋಗೆ 500 ರೂಪಾಯಿ. ಈ ಲೆಕ್ಕ ಹಾಕದೆ ತಟ್ಟೆಯ ದರ ನಿಗದಿ ಮಾಡಿದರೆ, ಕೈರುಚಿ ಎಷ್ಟು ಚೆನ್ನಾಗಿದ್ದರೂ ಹೋಟೆಲು ನಷ್ಟಕ್ಕೆ ಬೀಳುತ್ತದೆ.

ಬೇಸರದ ಭಾಗ ಅಲ್ಲಿಯೂ ಇದೆ, ಅದನ್ನು ಪುಟ್ಟಿಗೆ ಮುಚ್ಚಿಡಬಾರದು. ಟಿವಿಯಲ್ಲಿ ಕಾಣುವ ಅಲಂಕಾರದ ತಟ್ಟೆಗೆ ಮೊದಲು ಕೆಜಿಗಟ್ಟಲೆ ಕ್ಯಾರೆಟ್ಟನ್ನು ಮೂರು ಮಿಲಿಮೀಟರಿನ ಸಮ ಚೌಕಗಳಾಗಿ ಹೆಚ್ಚಬೇಕು, ಗಾತ್ರ ಹೆಚ್ಚುಕಡಿಮೆಯಾದರೆ ಒಂದು ಬೆಂದಾಗ ಇನ್ನೊಂದು ಬೇಯದೆ ಉಳಿಯುತ್ತದೆ. ಗಂಟೆಗಟ್ಟಲೆ ಬೆಂಕಿಯ ಮುಂದೆ ನಿಲ್ಲಬೇಕು, ಪಾತ್ರೆ, ಒಲೆ, ನೆಲ ತಾನೇ ಸ್ವಚ್ಛ ಮಾಡಬೇಕು. ಊರಿಗೆಲ್ಲ ಹಬ್ಬದ ರಜೆಯಿದ್ದಾಗ ಹೋಟೆಲಿನಲ್ಲಿ ದುಪ್ಪಟ್ಟು ಕೆಲಸವಿರುತ್ತದೆ. ಇಷ್ಟನ್ನು ಕಂಡ ಮೇಲೂ ಅವಳಿಗೆ ಇದೇ ಬೇಕೆನಿಸಿದರೆ ಮಣಿಪಾಲ ನಮ್ಮ ಮನೆಬಾಗಿಲಲ್ಲೇ ಇದೆ. ಅಲ್ಲಿನ ವೆಲ್‌ಕಮ್‌ಗ್ರೂಪ್ ಹೋಟೆಲ್ ಶಾಲೆ 1986ರಲ್ಲಿ ಆರಂಭವಾದದ್ದು. ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಯ ಜೊತೆಗೆ ಕಲಿನರಿ ಆರ್ಟ್ಸ್ ಪದವಿಯೂ ಅಲ್ಲಿದೆ. ಬಾಣಸಿಗ ವಿಕಾಸ್ ಖನ್ನಾ ಅಲ್ಲಿಯೇ ಓದಿದವರು, 2018ರಲ್ಲಿ ತೆರೆದ ಅಡುಗೆ ವಸ್ತುಗಳ ಮ್ಯೂಸಿಯಂ ಕೂಡ ಅವರ ಆಸಕ್ತಿಯಿಂದಲೇ ಆದದ್ದು. ಖಾಸಗಿ ಸಂಸ್ಥೆಯ ಫೀಸು ಭಾರವೆನಿಸಿದರೆ ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಿಗೆ ಎನ್‌ಸಿಎಚ್‌ಎಂ ಜೆಇಇ ಎಂಬ ಪ್ರವೇಶ ಪರೀಕ್ಷೆ ಇದೆ. ಆದರೆ ಹೋಟೆಲ್ ಮ್ಯಾನೇಜ್‌ಮೆಂಟಿನಲ್ಲಿ ಅಡುಗೆಯ ಜೊತೆಗೆ ಸ್ವಾಗತ ವಿಭಾಗ, ಕೊಠಡಿ ನಿರ್ವಹಣೆ, ಬಡಿಸುವ ಕ್ರಮ ಎಲ್ಲವನ್ನೂ ಕಲಿಯಬೇಕಾಗುತ್ತದೆ, ಕಲಿನರಿ ಆರ್ಟ್ಸ್‌ನಲ್ಲಿ ಅಡುಗೆಮನೆಯೇ ಮುಖ್ಯ. ಅವಳಿಗೆ ಯಾವುದು ಬೇಕೆಂದು ಸ್ಪಷ್ಟವಾಗಿ ಕೇಳಿ.

ಅಕ್ಕ, ಎನ್ನೆಸ್ಸೆಸ್ ಬಗ್ಗೆ ನೀನು ಚಿಂತೆ ಮಾಡಬೇಡ. ಗಾಂಧಿ ಶತಮಾನೋತ್ಸವದ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಯೋಜನೆ ಇದು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ, ನಡುವೆ ಏಳು ದಿನಗಳ ಒಂದು ಶಿಬಿರ. ಓದಿಗೆ ಕುತ್ತು ಬರುವಷ್ಟು ಹೊರೆಯೇನೂ ಅಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ಶಿಬಿರಗಳಲ್ಲಿ ಮಕ್ಕಳು ಮರಳಿನ ಚೀಲಗಳಿಂದ ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟ, ಅಂದರೆ ನೀರು ತಡೆಯುವ ಒಡ್ಡು ಕಟ್ಟುತ್ತಾರೆ. ಎಲ್ಲಿ ಕಟ್ಟಿದರೆ ಯಾರ ತೋಟಕ್ಕೆ ನೀರು ನಿಲ್ಲುತ್ತದೆ, ಯಾರ ಗದ್ದೆ ಮುಳುಗುತ್ತದೆ ಎಂಬುದು ಊರಿನ ಕೃಷಿಕರಿಗೆ ಮಾತ್ರ ಗೊತ್ತು. ಅವರನ್ನು ಕೇಳದೆ ಒಂದು ಚೀಲವನ್ನೂ ಇಡಬಾರದು ಎಂದು ನಾನು ಮೊದಲ ದಿನವೇ ಹೇಳುತ್ತಿದ್ದೆ. ಹೀಗೆ ಕೇಳಿ ತಿಳಿದು ಕೆಲಸ ಮಾಡುವ ಅಭ್ಯಾಸ ತರಗತಿಯ ಒಳಗೆ ಬರುವುದು ಕಷ್ಟ. ಅವಳು ಯಾವ ಕೋರ್ಸಿಗೆ ಸೇರಿದರೂ ಅಲ್ಲಿ ಎನ್ನೆಸ್ಸೆಸ್ ಘಟಕವಿದ್ದರೆ ಸೇರಿಸು. ಸೇವೆಯೇ ತನ್ನ ವೃತ್ತಿಯಾಗಬೇಕು ಎಂದು ಅವಳಿಗೆ ಅನ್ನಿಸಿದರೆ ಮಂಗಳೂರಿನಲ್ಲಿ 1960ರಿಂದ ಇರುವ ರೋಶನಿ ನಿಲಯದಲ್ಲಿ ಸಮಾಜಕಾರ್ಯ ಪದವಿಯಿದೆ, ಅದನ್ನೂ ಮನಸ್ಸಿನಲ್ಲಿಡಿ.

ಭಾವ, ಈಗಲೇ ಎಲ್ಲಿಯೂ ಮುಂಗಡ ಕಟ್ಟಬೇಡಿ. ಪುಟ್ಟಿಯನ್ನು ನಮ್ಮ ಲ್ಯಾಬಿಗೆ ಒಂದು ದಿನ ಕಳುಹಿಸಿಕೊಡಿ, ಸರಾಸರಿಯ ಆ ಪ್ರೋಗ್ರಾಮನ್ನು ಅವಳ ಮುಂದಿಟ್ಟು ನೋಡುತ್ತೇನೆ. ನಮ್ಮ ಪರಿಚಯದ ಅಡುಗೆ ಭಟ್ಟರೊಬ್ಬರು ಮದುವೆಯ ಅಡುಗೆ ಹಿಡಿಯುತ್ತಾರೆ. ಅವರೊಡನೆ ಹಿಂದಿನ ರಾತ್ರಿಯ ತರಕಾರಿ ಹೆಚ್ಚುವ ಕೆಲಸದಿಂದ ಮರುದಿನ ಪಾತ್ರೆ ತೊಳೆಯುವವರೆಗೆ ಅವಳು ನಿಲ್ಲಲಿ, ಅವರನ್ನು ನಾನೇ ಕೇಳುತ್ತೇನೆ. ಕಾಲೇಜು ನೋಡಲು ಹೋದಾಗ ವಾರಕ್ಕೆ ಎಷ್ಟು ಗಂಟೆ ಪ್ರಾಕ್ಟಿಕಲ್, ಒಂದು ಒಲೆಗೆ ಎಷ್ಟು ಮಕ್ಕಳು, ತರಬೇತಿಗೆ ಯಾವ ಹೋಟೆಲಿಗೆ ಕಳುಹಿಸುತ್ತಾರೆ, ಸಮವಸ್ತ್ರ ಮತ್ತು ಚಾಕುಗಳ ಖರ್ಚು ಫೀಸಿನಲ್ಲಿ ಸೇರಿದೆಯೇ ಎಂದು ಕೇಳಿ ಬರೆದುಕೊಳ್ಳಿ. ಬರುವ ಶನಿವಾರ ಮಧ್ಯಾಹ್ನದ ಮೇಲೆ ನನಗೆ ತರಗತಿಯಿಲ್ಲ, ಮಣಿಪಾಲಕ್ಕೆ ನಾನೂ ಜೊತೆಗೆ ಬರುತ್ತೇನೆ.