ಡೈವಿಂಗ್ ಪ್ರಶ್ನೋತ್ತರ: ನೀರಿನಡಿಯಲ್ಲಿ ಒಂದೇ ಆಳದಲ್ಲಿ ನಿಲ್ಲುವುದು ಹೇಗೆ?

ಮಡಗಾಂವ್ ಸದಸ್ಯ: ಸರ್, ನಮಸ್ಕಾರ. ಗ್ರಾಂಡೆ ದ್ವೀಪದ ಬಳಿ ಡೈವ್ ಮಾಡುವಾಗ ಎಷ್ಟು ಕಿಲೋ ತೂಕ ಕಟ್ಟಿಕೊಳ್ಳಬೇಕು?

ತರಬೇತುದಾರರು: ನಮಸ್ಕಾರ. ಅದು ನಿಮ್ಮ ಮೈಕಟ್ಟು, ಡೈವಿಂಗ್ ಉಡುಪಾದ ವೆಟ್‌ಸೂಟ್‌ನ ದಪ್ಪ ಮತ್ತು ಸಿಲಿಂಡರ್‌ ಅನ್ನು ಅವಲಂಬಿಸಿದೆ. ಡೈವ್ ಮುಗಿದು ಸುಮಾರು 50 ಬಾರ್ (ಒತ್ತಡದ ಅಳತೆ) ಗಾಳಿ ಉಳಿದಿರುವಾಗ, ಬಿಸಿಡಿಯನ್ನು (ಗಾಳಿ ತುಂಬಿ ತೇಲುವಿಕೆಯನ್ನು ಹೊಂದಿಸುವ ಜಾಕೆಟ್) ಪೂರ್ತಿ ಖಾಲಿ ಮಾಡಿ, ಸಹಜವಾಗಿ ಉಸಿರೆಳೆದುಕೊಂಡು ನೆಟ್ಟಗೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟಾಗ ಮೆಲ್ಲನೆ ಮುಳುಗಬೇಕು.

ಫೋಂಡಾ ಸದಸ್ಯೆ: ಈಜುಕೊಳದಲ್ಲಿ ಸರಿಹೋದ ತೂಕ ಸಮುದ್ರದಲ್ಲಿ ಸಾಲುತ್ತಿಲ್ಲ, ಸರ್.

ತರಬೇತುದಾರರು: ಉಪ್ಪುನೀರು ಸಿಹಿನೀರಿಗಿಂತ ಶೇ. 2.5ರಷ್ಟು ಹೆಚ್ಚು ಸಾಂದ್ರ, ಹಾಗಾಗಿ ಹೆಚ್ಚು ತೇಲಿಸುತ್ತದೆ. ಸಮುದ್ರದಲ್ಲೇ ಮತ್ತೆ ಪರೀಕ್ಷಿಸಿ.

ವಾಸ್ಕೋ ಸದಸ್ಯ: ಡೈವ್‌ನ ಕೊನೆಗೆ 5 ಮೀಟರ್‌ನಲ್ಲಿ ನಿಲ್ಲಲಾಗದೆ ಮೇಲಕ್ಕೆ ಹೋಗಿಬಿಡುತ್ತೇನೆ. ಫಾರ್ವರ್ಡ್ ಆಗಿ ಬಂದ ಸಲಹೆಯಂತೆ 4 ಕಿಲೋ ಹೆಚ್ಚಿಗೆ ಕಟ್ಟಿಕೊಂಡು, ಅಲುಗದಿರಲೆಂದು ಉಸಿರು ಬಿಗಿಹಿಡಿದೆ. ನಿನ್ನೆ ಇನ್ನೂ ಜೋರಾಗಿ ಮೇಲೆ ಬಂದೆ. ಆಗಿನಿಂದ ಗಂಟಲು ಒಡೆದಂತಿದೆ; ಕುತ್ತಿಗೆಯ ಬುಡವನ್ನು ಒತ್ತಿದರೆ ಚರಚರ ಎನ್ನುತ್ತದೆ.

ತರಬೇತುದಾರರು: ದಯವಿಟ್ಟು ಈಗಲೇ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ತುರ್ತು ವಿಭಾಗಕ್ಕೆ ಹೊರಡಿ, ಉಸಿರಾಟಕ್ಕೆ ಕಷ್ಟವಾದರೆ 108ಕ್ಕೆ ಕರೆ ಮಾಡಿ. ಡೈವ್ ಮಾಡಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ. ಚರ್ಮದಡಿಯ ಆ ಸದ್ದು, ಶ್ವಾಸಕೋಶದಿಂದ ಸೋರಿದ ಗಾಳಿಯ ಲಕ್ಷಣವಾಗಿರಬಹುದು. ವೈದ್ಯರು ಒಪ್ಪುವವರೆಗೆ ಡೈವಿಂಗ್ ಬೇಡ, ವಿಮಾನ ಪ್ರಯಾಣವೂ ಬೇಡ.

ಕಾರಣ ಹೀಗಿದೆ. ತೂಕ ಹೆಚ್ಚಾದಷ್ಟೂ ಅದನ್ನು ಸರಿದೂಗಿಸಲು ಬಿಸಿಡಿಗೆ ಹೆಚ್ಚು ಗಾಳಿ ತುಂಬಬೇಕಾಗುತ್ತದೆ. 10 ಮೀಟರ್‌ನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಆ ಗಾಳಿಯ ಗಾತ್ರ ಇಮ್ಮಡಿಯಾಗುವುದರಿಂದ, ಏರುವಾಗ ಅದನ್ನು ಬಿಡುತ್ತಾ ಬರದಿದ್ದರೆ ಅದೇ ನಿಮ್ಮನ್ನು ಮೇಲಕ್ಕೆ ಒಯ್ಯುತ್ತದೆ. ಎದೆಯೊಳಗೆ ಹಿಡಿದಿಟ್ಟ ಗಾಳಿಯೂ ಹಾಗೆಯೇ ಹಿಗ್ಗುತ್ತದೆ, ಅದಕ್ಕೆ ಹೊರಹೋಗಲು ದಾರಿಯಿಲ್ಲ. ಸಾಮಾನ್ಯ 11 ಲೀಟರ್ ಸಿಲಿಂಡರ್ ಡೈವ್‌ನ ಕೊನೆಗೆ ಸುಮಾರು 2 ಕಿಲೋ ಹಗುರವಾಗುವುದು ನಿಜ. ಆದರೆ ಆ ಲೆಕ್ಕ ಮೇಲೆ ಹೇಳಿದ ಪರೀಕ್ಷೆಯಲ್ಲೇ ಸೇರಿದೆ.

ಪಣಜಿ ಸದಸ್ಯ: ಅಷ್ಟು ಗಾಬರಿ ಬೇಡ. ಬಿಸಿ ಎಣ್ಣೆ ತಿಕ್ಕಿ ಶುಂಠಿ ಕಷಾಯ ಕುಡಿದರೆ ಇಳಿಯುತ್ತದೆ ಎಂದು ಸಂದೇಶ ಬಂದಿದೆ.

ತರಬೇತುದಾರರು: ಅದನ್ನು ಅಳಿಸಿ. ಕುತ್ತಿಗೆಯನ್ನು ಯಾರೂ ತಿಕ್ಕಬಾರದು.

ಪುಣೆ ಸದಸ್ಯ: ಮುತ್ತು ತೆಗೆಯುವವರು ಉಸಿರು ಹಿಡಿದೇ ಮುಳುಗುತ್ತಿದ್ದರಲ್ಲವೇ?

ಮಾಪುಸಾ ಸದಸ್ಯೆ: ಅವರು ಮೇಲಿನ ಗಾಳಿಯನ್ನೇ ಒಯ್ದು ಅದನ್ನೇ ಮರಳಿ ತರುತ್ತಿದ್ದರು. ನಾವು ಬಾಯಲ್ಲಿಡುವ ಉಸಿರಾಟದ ಸಾಧನವಾದ ರೆಗ್ಯುಲೇಟರ್‌ನಿಂದ ಆಳದ ಒತ್ತಡದ ಗಾಳಿಯನ್ನು ಎಳೆದುಕೊಳ್ಳುತ್ತೇವೆ.

ಪುಣೆ ಸದಸ್ಯ: ನಾನು ಕೇಳಿದ್ದು ತರಬೇತುದಾರರನ್ನು.

ಮಾಪುಸಾ ಸದಸ್ಯೆ: ಉತ್ತರ ತಪ್ಪಿದ್ದರೆ ಎಲ್ಲಿ ತಪ್ಪಿದೆ ಎಂದು ತೋರಿಸಿ. ಯಾರು ಕೊಟ್ಟರು ಎಂಬುದು ಮುಖ್ಯವಲ್ಲ.

ತರಬೇತುದಾರರು: ಅವರ ಉತ್ತರ ಸರಿಯಾಗಿದೆ. ವಾದ ಸಾಕು.

ಮಡಗಾಂವ್ ಸದಸ್ಯ: ನನ್ನ ತೂಕ 75 ಕಿಲೋ. ಅಂದಾಜಾದರೂ ಹೇಳಿ, ಸರ್.

ತರಬೇತುದಾರರು: ಮೊದಲ ಉತ್ತರವನ್ನು ಓದಿ.

ವಾಸ್ಕೋ ಸದಸ್ಯ: ಈಗ ನೋವಿಲ್ಲ, ಸರ್. ನಾಳೆ ಬೆಳಿಗ್ಗೆ ಹೋಗುತ್ತೇನೆ.

ತರಬೇತುದಾರರು: ನಾಳೆಯಲ್ಲ, ಈಗ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ತಲುಪಿದ ಕೂಡಲೇ ಇಲ್ಲಿ ಬರೆಯಿರಿ.

ಪುಣೆ ಸದಸ್ಯ: ಹಳೆಯ ವೆಟ್‌ಸೂಟ್‌ಗೆ ತೂಕ ಕಡಿಮೆ ಸಾಕೇ?